ವಾರಂಟ್ ಮೇಲೆ ಯಾರ ಸಹಿ ಇರಬೇಕು?

"ಸ್ಟೇಷನ್ನವರು ನಿನ್ನ ಮೇಲೆ ವಾರಂಟ್ ತೆಗೆದಿದ್ದಾರಂತೆ." ಹಾಸನ, ಚಿಕ್ಕಮಗಳೂರು ಕಡೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹೇಳಿದವರಿಗೂ ಕೇಳಿದವರಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಪೊಲೀಸ್ ಸ್ಟೇಷನ್ ಯಾರ ಮೇಲೂ ಬಂಧನದ ವಾರಂಟ್ ತೆಗೆಯುವುದಿಲ್ಲ. ಪಿಎಸ್ಐಗೆ ಆ ಅಧಿಕಾರವಿಲ್ಲ, ಡಿವೈಎಸ್ಪಿಗೂ ಇಲ್ಲ, ಜಿಲ್ಲೆಯ ಎಸ್ಪಿಗೂ ಇಲ್ಲ. ವಾರಂಟ್ ಹೊರಡುವುದು ಕೋರ್ಟಿನಿಂದ. ಪೊಲೀಸರ ಕೆಲಸ ಅದನ್ನು ಜಾರಿ ಮಾಡುವುದು.

ಇದು ಸಣ್ಣ ವ್ಯತ್ಯಾಸ ಅಲ್ಲ. ಒಬ್ಬ ಮನುಷ್ಯನನ್ನು ಹಿಡಿಯಬೇಕು ಅಂತ ಬಯಸುವವರು ಒಬ್ಬರು, ಹಿಡಿಯಬಹುದೋ ಬೇಡವೋ ಎಂದು ತೀರ್ಮಾನಿಸುವವರು ಇನ್ನೊಬ್ಬರು ಆಗಿರಬೇಕು. ಆ ಇನ್ನೊಬ್ಬರಿಗೆ ಈ ಕೇಸಿನಲ್ಲಿ ಸ್ವಂತ ಆಸಕ್ತಿ ಇರಬಾರದು. ವಾರಂಟ್ ಎಂಬ ವ್ಯವಸ್ಥೆಯ ಹಿಂದಿರುವುದು ಇಷ್ಟೇ ವಿಚಾರ. ಹಾಗಾಗಿ ವಾರಂಟ್ ಅಂದಾಗ ಮೊದಲು ಕೇಳಬೇಕಾದ ಪ್ರಶ್ನೆ "ಯಾಕೆ" ಅಂತಲ್ಲ, "ಸಹಿ ಯಾರದ್ದು" ಅಂತ.

2024ರ ಜುಲೈ 1ರಿಂದ ಈ ವಿಷಯಕ್ಕೆ ಇರುವ ಮುಖ್ಯ ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ವಕೀಲರು ಬಿಎನ್‌ಎಸ್‌ಎಸ್ ಅನ್ನುತ್ತಾರೆ. ಅದಕ್ಕೆ ಮುಂಚೆ 1973ರ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ ಇತ್ತು. ವಾರಂಟ್ ಮಟ್ಟಿಗೆ ಕಲಂ ನಂಬರ್‌ಗಳು ಬದಲಾದವು, ತಿರುಳು ಹೆಚ್ಚು ಬದಲಾಗಿಲ್ಲ. ಹೊಸ ಕಾನೂನಿನ 72ನೇ ಕಲಂ ಪ್ರಕಾರ ಬಂಧನದ ವಾರಂಟ್ ಬರಹದಲ್ಲಿರಬೇಕು, ಆ ಕೋರ್ಟಿನ ನ್ಯಾಯಾಧೀಶರ ಸಹಿ ಇರಬೇಕು, ಕೋರ್ಟಿನ ಮೊಹರು ಇರಬೇಕು. ಬಾಯಿಮಾತಿನ ವಾರಂಟ್ ಎಂಬುದಿಲ್ಲ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ವಾರಂಟ್ ನಿಮಗೆ ಬರೆದ ಕಾಗದ ಅಲ್ಲ. ಅದರ ನಮೂನೆ ನೋಡಿ. ಅದು ಅದನ್ನು ಜಾರಿ ಮಾಡಬೇಕಾದ ಅಧಿಕಾರಿಯ ಹೆಸರಿಗೆ ಇರುತ್ತದೆ. ಇಂಥ ಊರಿನ ಇಂಥವರ ಮೇಲೆ ಇಂಥ ಆರೋಪ ಇದೆ, ಅವರನ್ನು ಹಿಡಿದು ನನ್ನ ಮುಂದೆ ಹಾಜರುಪಡಿಸಿ ಎಂದು ನ್ಯಾಯಾಧೀಶರು ಆ ಅಧಿಕಾರಿಗೆ ಕೊಡುವ ಅಪ್ಪಣೆ ಅದು. ನಿಮ್ಮ ಹೆಸರಿಗೆ ಬರುವುದು ಸಮನ್ಸ್. ಪೊಲೀಸರು ಹಿಡಿಯಲು ಬಂದಾಗ ವಾರಂಟಿನ ಸಾರಾಂಶ ಹೇಳಲೇಬೇಕು. ತೋರಿಸಿ ಅಂತ ನೀವು ಕೇಳಿದರೆ ತೋರಿಸಬೇಕು. ಇದು 77ನೇ ಕಲಂ.

ಯಾವ ನ್ಯಾಯಾಧೀಶರು?

ತಾಲ್ಲೂಕು ಮಟ್ಟದಲ್ಲಿ ಸಾಮಾನ್ಯವಾಗಿ ಸಹಿ ಹಾಕುವವರು ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್. ಎಲ್ಲರ ಬಾಯಲ್ಲೂ ಅದು ಜೆಎಂಎಫ್‌ಸಿ ಕೋರ್ಟ್. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು, ಮೂಡಿಗೆರೆಯಂಥ ಊರುಗಳಲ್ಲಿ ಒಬ್ಬರೇ ನ್ಯಾಯಾಧೀಶರು ಸಿವಿಲ್ ಕೇಸನ್ನೂ ಕ್ರಿಮಿನಲ್ ಕೇಸನ್ನೂ ನೋಡುವುದುಂಟು. ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ ಅಂತ ಬೋರ್ಡಿನ ಮೇಲೆ ಎರಡೂ ಹುದ್ದೆ ಬರೆದಿರುತ್ತದೆ. ಜಿಲ್ಲಾ ಕೇಂದ್ರದಲ್ಲಿ ಇವರ ಮೇಲೆ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್, ಅಂದರೆ ಸಿಜೆಎಂ. ಅವರ ಮೇಲೆ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು. ಎಲ್ಲಕ್ಕೂ ಮೇಲೆ ಬೆಂಗಳೂರಿನಲ್ಲಿ ಹೈಕೋರ್ಟ್. ಕೇಸು ಯಾವ ಕೋರ್ಟಿನಲ್ಲಿ ನಡೆಯುತ್ತಿದೆಯೋ ಆ ಕೋರ್ಟೇ ವಾರಂಟ್ ಕೊಡುತ್ತದೆ. ಕೊಲೆ ಕೇಸಿನ ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿದ್ದರೆ ಅಲ್ಲಿಂದ, ಚೆಕ್ ಬೌನ್ಸ್ ಕೇಸು ಜೆಎಂಎಫ್‌ಸಿಯಲ್ಲಿದ್ದರೆ ಅಲ್ಲಿಂದ.

ಚಾರ್ಜ್‌ಶೀಟ್ ಆಗುವ ಮುಂಚೆ, ತನಿಖೆ ನಡೆಯುತ್ತಿರುವಾಗಲೂ ವಾರಂಟ್ ಬರಬಹುದು. ಜಾಮೀನು ಸಿಗದಂಥ ಅಪರಾಧದ ಆರೋಪಿ ತಲೆಮರೆಸಿಕೊಂಡಿದ್ದರೆ 75ನೇ ಕಲಂ ಪ್ರಕಾರ ಸಿಜೆಎಂ ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ವಾರಂಟ್ ಕೊಡಬಹುದು. ಆದರೆ ಅದು ಆರೋಪಿಯನ್ನು ಕೋರ್ಟಿಗೆ ತರುವುದಕ್ಕೆ, ತನಿಖೆಗೆ ಅನುಕೂಲವಾಗಲಿ ಅಂತ ಪೊಲೀಸರ ಕೈಗೆ ಒಪ್ಪಿಸುವುದಕ್ಕಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ಪೊಲೀಸರು ವಾರಂಟ್ ಇಲ್ಲದೆ ಹಿಡಿಯುವಂತಿಲ್ಲವಾ? ಹಿಡಿಯಬಹುದು, ಮತ್ತು ಬಹಳ ಸಲ ಹಾಗೇ ಹಿಡಿಯುತ್ತಾರೆ. ಕೊಲೆ, ಕಳ್ಳತನ, ದರೋಡೆ, ಅತ್ಯಾಚಾರದಂಥ ಸಂಜ್ಞೇಯ ಅಪರಾಧಗಳಲ್ಲಿ 35ನೇ ಕಲಂ ಪೊಲೀಸರಿಗೆ ನೇರವಾಗಿ ಬಂಧನದ ಅಧಿಕಾರ ಕೊಟ್ಟಿದೆ. ಆದರೂ ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಬಂಧನ ಯಾಕೆ ಬೇಕು ಎಂದು ಕಾರಣ ಬರೆದಿಡಬೇಕು. ಬೇಕಿಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಯಬೇಕು. ಹಾಗೆ ಹಿಡಿದವರನ್ನು ದಾರಿಯ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಅಂದರೆ ನ್ಯಾಯಾಧೀಶರ ಪರಿಶೀಲನೆ ತಪ್ಪುವುದಿಲ್ಲ. ವಾರಂಟ್ ಇದ್ದಾಗ ಅದು ಬಂಧನಕ್ಕೆ ಮುಂಚೆ ನಡೆಯುತ್ತದೆ, ಇಲ್ಲದಾಗ ಬಂಧನವಾದ ಮೇಲೆ ನಡೆಯುತ್ತದೆ.

ಬೈಗುಳ, ಸಣ್ಣಪುಟ್ಟ ಹೊಡೆದಾಟ, ಮಾನಹಾನಿ ಇಂಥವು ಅಸಂಜ್ಞೇಯ ಅಪರಾಧಗಳು. ಇವುಗಳಲ್ಲಿ ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಯನ್ನೇ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಹಿಡಿಯುವಂತೆಯೂ ಇಲ್ಲ. ಚೆಕ್ ಬೌನ್ಸ್ ಕೂಡ ಇದೇ ಸಾಲಿನದು. "ಚೆಕ್ ಬೌನ್ಸ್ ಆಗಿದೆ, ಸ್ಟೇಷನ್ನಿಗೆ ಹೇಳಿ ಒಳಗೆ ಹಾಕಿಸ್ತೀನಿ" ಎಂದು ಹೆದರಿಸುವವರು ನಮ್ಮ ಕಡೆ ಬಹಳ. ಅದು ಆಗುವ ಮಾತಲ್ಲ. ಕೇಸು ಕೋರ್ಟಿಗೆ ಹೋಗಬೇಕು. ಕೋರ್ಟ್ ಕರೆದಾಗ ನೀವು ಹೋಗದಿದ್ದರೆ ಆಗ ವಾರಂಟ್ ಬರುತ್ತದೆ.

ಸಮನ್ಸ್ ತಪ್ಪಿಸಿಕೊಂಡರೆ

ಜಿಲ್ಲೆಯ ಕೋರ್ಟುಗಳಲ್ಲಿ ದಿನನಿತ್ಯ ಹೊರಡುವ ವಾರಂಟ್‌ಗಳ ಹಿಂದೆ ದೊಡ್ಡ ಅಪರಾಧವೇ ಇರಬೇಕು ಅಂತೇನಿಲ್ಲ. ವಾಯಿದೆಗೆ ಹೋಗದೆ ಉಳಿದದ್ದೇ ಎಷ್ಟೋ ಸಲ ಕಾರಣ. ಮೊದಲು ಸಮನ್ಸ್ ಬರುತ್ತದೆ. ಮನೆಯಲ್ಲಿ ಯಾರೋ ತಗೊಂಡು ಗೂಡಿನಲ್ಲಿ ಇಟ್ಟಿರುತ್ತಾರೆ. ಅಥವಾ ಕಾಫಿ ಕೊಯ್ಲಿನ ಸಮಯ, ಹೋಗಲು ಆಗಿರುವುದಿಲ್ಲ. ಕೋರ್ಟ್ ಮುಂದಿನ ಹೆಜ್ಜೆಯಾಗಿ ಜಾಮೀನು ಸಹಿತ ವಾರಂಟ್ ಕೊಡುತ್ತದೆ. ಇದರಲ್ಲಿ ಎಷ್ಟು ಮೊತ್ತದ ಬಾಂಡ್, ಎಷ್ಟು ಜನ ಜಾಮೀನುದಾರರು, ಯಾವತ್ತು ಕೋರ್ಟಿಗೆ ಬರಬೇಕು ಅಂತ ನ್ಯಾಯಾಧೀಶರೇ ಬರೆದಿರುತ್ತಾರೆ. ಅಷ್ಟನ್ನು ಒದಗಿಸಿದರೆ ಪೊಲೀಸರು ನಿಮ್ಮನ್ನು ಬಿಡಬೇಕು. ಬಾಂಡನ್ನು ಕೋರ್ಟಿಗೆ ಕಳಿಸಬೇಕು. ಆಮೇಲೂ ಹೋಗದಿದ್ದರೆ ಜಾಮೀನು ರಹಿತ ವಾರಂಟ್. ಸ್ಟೇಷನ್ನಿನ ಭಾಷೆಯಲ್ಲಿ ಎನ್‌ಬಿಡಬ್ಲ್ಯೂ. ಆಗ ಪೊಲೀಸರಿಗೆ ಬಿಡುವ ಅಧಿಕಾರವಿಲ್ಲ. ಕೋರ್ಟಿಗೇ ಕರೆದೊಯ್ಯಬೇಕು.

ಈ ಮೆಟ್ಟಿಲುಗಳನ್ನು ಹಾರಿ ನೇರವಾಗಿ ಎನ್‌ಬಿಡಬ್ಲ್ಯೂ ಕೊಡುವುದು ಸರಿಯಲ್ಲ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಖಾಸಗಿ ದೂರಿನ ಕೇಸಾದರೆ ಮೊದಲು ದೂರಿನ ಪ್ರತಿಯ ಜೊತೆ ಸಮನ್ಸ್, ಬರದಿದ್ದರೆ ಜಾಮೀನು ಸಹಿತ ವಾರಂಟ್, ಆತ ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಮನದಟ್ಟಾದ ಮೇಲೆ ಎನ್‌ಬಿಡಬ್ಲ್ಯೂ. ಕಾರಣ ಸರಳ. ಒಬ್ಬರ ಸ್ವಾತಂತ್ರ್ಯ ಕಿತ್ತುಕೊಳ್ಳುವ ಕಾಗದ ಅದು. ಬರುವ ಮನಸ್ಸಿರುವವರನ್ನು ಹಿಡಿದು ತರಬೇಕಾಗಿಲ್ಲ.

ವಾರಂಟಿಗೆ ತಾನಾಗೇ ಮುಗಿಯುವ ಅವಧಿ ಇಲ್ಲ. ಜಾರಿ ಆಗುವವರೆಗೆ ಅಥವಾ ಕೊಟ್ಟ ಕೋರ್ಟೇ ರದ್ದು ಮಾಡುವವರೆಗೆ ಅದು ಬದುಕಿರುತ್ತದೆ. ಹತ್ತಾರು ವರ್ಷದ ಹಳೇ ಕೇಸಿನಲ್ಲಿ "ವಾರಂಟ್ ಆಸಾಮಿ ಬಂಧನ" ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಅದು ಇದರಿಂದಲೇ. ತಾನು ಮರೆತ ಕೇಸನ್ನು ಕೋರ್ಟಿನ ರಿಜಿಸ್ಟರ್ ಮರೆತಿರುವುದಿಲ್ಲ. ಹಾಗಾಗಿ ವಾರಂಟ್ ಇದೆ ಎಂದು ಗೊತ್ತಾದರೆ ಅಡಗಿ ಕೂರುವುದು ಅತ್ಯಂತ ಕೆಟ್ಟ ದಾರಿ. ವಕೀಲರ ಮೂಲಕ ಆ ಕೋರ್ಟಿಗೇ ಹೋಗಿ, ಬರಲು ಆಗದ ಕಾರಣ ಹೇಳಿ, ವಾರಂಟ್ ರೀಕಾಲ್ ಮಾಡಿ ಎಂದು ಅರ್ಜಿ ಹಾಕಬೇಕು. ಸ್ಟೇಷನ್ನಿನಲ್ಲಿ ಯಾರಿಗೋ ಹೇಳಿ "ವಾರಂಟ್ ಕ್ಲೋಸ್ ಮಾಡಿಸ್ತೀನಿ" ಎನ್ನುವವರನ್ನು ನಂಬಬೇಡಿ. ಪೊಲೀಸರು ಹೊರಡಿಸದ ವಾರಂಟನ್ನು ಪೊಲೀಸರು ರದ್ದು ಮಾಡಲು ಹೇಗೆ ಸಾಧ್ಯ? ಅದನ್ನು ಕೊಟ್ಟ ಕೋರ್ಟ್ ಅಥವಾ ಮೇಲಿನ ಕೋರ್ಟ್ ಮಾತ್ರ ರದ್ದು ಮಾಡಬಹುದು.

ರದ್ದಾದ ಆದೇಶದ ಪ್ರತಿ ಕೈಯಲ್ಲಿಟ್ಟುಕೊಳ್ಳಿ. ಮುಂಬೈಯ ಒಬ್ಬ ವಕೀಲರ ಮೇಲಿದ್ದ ವಾರಂಟ್ ರದ್ದಾಗಿದ್ದರೂ 2002ರ ಸ್ವಾತಂತ್ರ್ಯ ದಿನದಂದೇ ಅವರನ್ನು ಬಂಧಿಸಲಾಯಿತು. ಬಂಧಿಸಿದ ಇನ್‌ಸ್ಪೆಕ್ಟರ್ ತಮ್ಮ ಜೇಬಿನಿಂದ 2,000 ರೂಪಾಯಿ ಪರಿಹಾರ ಕೊಡಬೇಕಾಯಿತು. 2011ರಲ್ಲಿ ಆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಕೋರ್ಟುಗಳಿಗೆ ನಿಯಮ ಹಾಕಿಕೊಟ್ಟಿತು. ವಾರಂಟ್ ನಮೂನೆಗೆ ಅಚ್ಚಾದ ನಂಬರ್ ಇರಬೇಕು. ನ್ಯಾಯಾಧೀಶರ ಸಹಿ ಪೂರ್ತಿಯಾಗಿ, ಓದಲು ಬರುವಂತೆ ಇರಬೇಕು. ಮೊಹರಿನಲ್ಲಿ ಕೋರ್ಟಿನ ವಿವರ ಕಾಣಬೇಕು. ಯಾವ ಅಧಿಕಾರಿಗೆ ಎಂದು ಬರೆದಿರಬೇಕು. ಕೊಟ್ಟ ಪ್ರತಿ ವಾರಂಟೂ ರಿಜಿಸ್ಟರಿನಲ್ಲಿ ದಾಖಲಾಗಬೇಕು. ನಿಮಗೆ ಯಾರಾದರೂ ವಾರಂಟ್ ತೋರಿಸಿದರೆ ಕಣ್ಣು ಹಾಯಿಸಬೇಕಾದ ಜಾಗಗಳೂ ಇವೇ.

ಪದೇಪದೇ ಸಿಗದಿದ್ದರೆ ಕೋರ್ಟ್ ಉದ್ಘೋಷಣೆ ಹೊರಡಿಸುತ್ತದೆ. ಕನಿಷ್ಠ 30 ದಿನದ ಗಡುವು ಕೊಟ್ಟು ಊರಿನಲ್ಲಿ ಎಲ್ಲರಿಗೂ ಕೇಳುವಂತೆ ಓದಿಸಿ, ಮನೆಗೆ ಅಂಟಿಸುತ್ತಾರೆ. ಆಸ್ತಿ ಜಪ್ತಿಗೂ ಅವಕಾಶವಿದೆ. ಹೊಸ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಗಂಭೀರ ಅಪರಾಧದಲ್ಲಿ ಘೋಷಿತ ಅಪರಾಧಿಯಾಗಿ ತಪ್ಪಿಸಿಕೊಂಡವರ ವಿಚಾರಣೆಯನ್ನು ಅವರಿಲ್ಲದೆಯೂ ನಡೆಸಬಹುದು.

ಬೇರೆ ಜಿಲ್ಲೆಯ ವಾರಂಟ್

ವಾರಂಟ್ ದೇಶದ ಯಾವ ಮೂಲೆಯಲ್ಲಾದರೂ ಜಾರಿ ಆಗುತ್ತದೆ. ಆದರೆ ಜಿಲ್ಲೆಯ ಗಡಿ ದಾಟಿದಾಗ ಒಂದು ಒಳ್ಳೆಯ ರಕ್ಷಣೆ ಇದೆ. ಇದನ್ನು ಬಳಸಿಕೊಳ್ಳುವವರು ಕಡಿಮೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚಿಕ್ಕಮಗಳೂರು ಕೋರ್ಟಿನ ವಾರಂಟ್ ಮೇಲೆ ಬೇಲೂರಿನಲ್ಲಿ ಒಬ್ಬರನ್ನು ಹಿಡಿದರು ಎಂದುಕೊಳ್ಳಿ. ಬೇಲೂರು ಹಾಸನ ಜಿಲ್ಲೆ. ಆದರೂ ಚಿಕ್ಕಮಗಳೂರು ಅಲ್ಲಿಂದ ಸುಮಾರು 25 ಕಿಲೋಮೀಟರ್ ಅಷ್ಟೇ. 82ನೇ ಕಲಂ ಪ್ರಕಾರ ವಾರಂಟ್ ಕೊಟ್ಟ ಕೋರ್ಟ್ 30 ಕಿಲೋಮೀಟರಿನೊಳಗೆ ಇದ್ದರೆ ನೇರವಾಗಿ ಅಲ್ಲಿಗೇ ಕರೆದೊಯ್ಯಬಹುದು. ಈಗ ಕೊಪ್ಪದ ಕೋರ್ಟಿನ ವಾರಂಟ್ ಮೇಲೆ ಹೊಳೆನರಸೀಪುರದಲ್ಲಿ ಹಿಡಿದರು ಅನ್ನಿ. ಅಷ್ಟು ದೂರ ಸುಮ್ನೆ ಜೀಪಿನಲ್ಲಿ ಕೂರಿಸಿಕೊಂಡು ಹೊರಡುವಂತಿಲ್ಲ. ಮೊದಲು ಹಾಸನ ಜಿಲ್ಲೆಯಲ್ಲೇ, ಹಿಡಿದ ಜಾಗಕ್ಕೆ ಸಂಬಂಧಪಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಎಸ್ಪಿ ಮುಂದೆ ಹಾಜರುಪಡಿಸಬೇಕು. ವಾರಂಟಿನಲ್ಲಿ ಇರುವ ಮನುಷ್ಯ ಇವನೇ ಹೌದಾ ಎಂದು ಅವರು ನೋಡುತ್ತಾರೆ. ಒಂದೇ ಹೆಸರಿನ ಇಬ್ಬರು ಇರುವ ಊರುಗಳಲ್ಲಿ ಇದು ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಾಗಿಲ್ಲ. ಜಾಮೀನು ಸಿಗುವಂಥ ಅಪರಾಧವಾಗಿದ್ದು ಬಾಂಡ್ ಕೊಡಲು ಸಿದ್ಧವಿದ್ದರೆ ಅಲ್ಲೇ ಬಿಡುಗಡೆ ಸಿಗುತ್ತದೆ. ಜಾಮೀನು ಸಿಗದ ಅಪರಾಧವಾದರೂ ಹಿಡಿದ ಜಿಲ್ಲೆಯ ಸಿಜೆಎಂ ಅಥವಾ ಸೆಷನ್ಸ್ ನ್ಯಾಯಾಧೀಶರು ವಿಚಾರಮಾಡಿ ಜಾಮೀನು ಕೊಡಬಹುದು. ಅಂದರೆ ಹಾಸನದ ವಕೀಲರು ಹಾಸನದಲ್ಲೇ ಕೆಲಸ ಮಾಡಿಕೊಡಬಹುದು. ಕೊಪ್ಪದವರೆಗೆ ಓಡಬೇಕಾಗಿಲ್ಲ.

ಡಿಸಿ, ಎಸಿ, ತಹಶೀಲ್ದಾರ್

ಮೇಲೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಂದೆನಲ್ಲ, ಅವರು ಕಂದಾಯ ಇಲಾಖೆಯವರು. ಜಿಲ್ಲಾಧಿಕಾರಿ ಜಿಲ್ಲಾ ಮ್ಯಾಜಿಸ್ಟ್ರೇಟ್. ಹಾಸನ ಮತ್ತು ಸಕಲೇಶಪುರ, ಆ ಕಡೆ ಚಿಕ್ಕಮಗಳೂರು ಮತ್ತು ತರೀಕೆರೆ ಉಪವಿಭಾಗಗಳ ಎಸಿಗಳು, ಅಂದರೆ ಸಹಾಯಕ ಆಯುಕ್ತರು, ಉಪವಿಭಾಗೀಯ ಮ್ಯಾಜಿಸ್ಟ್ರೇಟರು. ತಹಶೀಲ್ದಾರರು ತಾಲ್ಲೂಕು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು. ಸಾಕ್ಷ್ಯ ತೂಗಿ, ಒಬ್ಬರನ್ನು ಶಿಕ್ಷೆಗೋ ಬಂಧನಕ್ಕೋ ಗುರಿಪಡಿಸುವ ತೀರ್ಮಾನ ನ್ಯಾಯಿಕ ಮ್ಯಾಜಿಸ್ಟ್ರೇಟರದ್ದು. ಲೈಸೆನ್ಸ್ ಕೊಡುವುದು, ರದ್ದು ಮಾಡುವುದು ಮುಂತಾದ ಆಡಳಿತದ ಕೆಲಸ ಕಾರ್ಯನಿರ್ವಾಹಕರದ್ದು. ಇದು ಕಾನೂನಿನ ಸಾಮಾನ್ಯ ಗೆರೆ. ಸಂವಿಧಾನದ 50ನೇ ವಿಧಿ ನ್ಯಾಯಾಂಗವನ್ನು ಆಡಳಿತದಿಂದ ಬೇರೆ ಇಡಿ ಎಂದು ಹೇಳಿದ್ದಕ್ಕೆ ತಕ್ಕಂತೆ ಎಳೆದ ಗೆರೆ.

ಆದರೂ ಕೆಲವು ಕಡೆ ಕಂದಾಯ ಅಧಿಕಾರಿಗಳಿಗೂ ವಾರಂಟ್ ಅಧಿಕಾರ ಇದೆ. ಜಾತ್ರೆ, ಚುನಾವಣೆ, ಗಡಿ ಜಗಳದ ಸಮಯದಲ್ಲಿ ಶಾಂತಿ ಕದಡಬಹುದು ಎಂದು ಪೊಲೀಸರು ವರದಿ ಕೊಟ್ಟು ಕೆಲವರಿಂದ ಬಾಂಡ್ ಬರೆಸುತ್ತಾರೆ. ಈ ಪ್ರಕರಣ ನಡೆಯುವುದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಮುಂದೆ. ಕೂಡಲೇ ಹಿಡಿಯದಿದ್ದರೆ ಗಲಾಟೆ ತಡೆಯಲು ಆಗುವುದೇ ಇಲ್ಲ ಎಂದು ಅವರಿಗೆ ಅನಿಸಿದರೆ 132ನೇ ಕಲಂ ಅಡಿ ಬಂಧನ ವಾರಂಟ್ ಕೊಡಬಹುದು. ಕಾರಣವನ್ನು ದಾಖಲಿಸಲೇಬೇಕು.

ಎರಡನೆಯದು ಶೋಧ ವಾರಂಟ್. ಕದ್ದ ಕಾಫಿ ಮೂಟೆ, ಕಾಳುಮೆಣಸು ಇಂಥ ಗೋಡೌನಿನಲ್ಲಿದೆ ಎಂಬ ಖಚಿತ ಮಾಹಿತಿ ಬಂದರೆ ಡಿಸಿ, ಎಸಿ ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ಮೂವರಲ್ಲಿ ಯಾರು ಬೇಕಾದರೂ ಶೋಧಕ್ಕೆ ವಾರಂಟ್ ಕೊಡಬಹುದು. ಯಾರನ್ನಾದರೂ ಅಕ್ರಮವಾಗಿ ಕೂಡಿಹಾಕಿದ್ದಾರೆ ಎಂದು ತಿಳಿದರೂ ಇದೇ ಮೂವರಿಗೆ ಅಧಿಕಾರ. ತೋಟದ ಲೈನ್ ಮನೆಯಲ್ಲಿ ಸಾಲದ ನೆಪ ಹೇಳಿ ಕೂಲಿಯವರನ್ನು ಹೊರಗೆ ಬಿಡುತ್ತಿಲ್ಲ ಎಂದರೆ ಸಂಬಂಧಿಕರು ಎಸಿ ಕಚೇರಿಗೇ ಹೋಗಿ ಅರ್ಜಿ ಕೊಡಬಹುದು. ಹುಡುಕಿ, ಸಿಕ್ಕವರನ್ನು ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು. ಮಲೆನಾಡಿನಲ್ಲಿ ಈ ಕಲಂ ಎಲ್ಲರಿಗೂ ಗೊತ್ತಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಚೆ ಕಚೇರಿಯ ವಶದಲ್ಲಿರುವ ಪಾರ್ಸೆಲ್ ಹುಡುಕಬೇಕಾದರೆ ಮಾತ್ರ ಕಾನೂನು ಇನ್ನೂ ಬಿಗಿ. ಆ ವಾರಂಟ್ ಕೊಡಲು ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಸಿಜೆಎಂಗೆ ಮಾತ್ರ ಅಧಿಕಾರ.

ಗಡಿಪಾರು ಆದೇಶವನ್ನು ಜನ ವಾರಂಟ್ ಜೊತೆ ಕಲಸುತ್ತಾರೆ. ಅದು ಕರ್ನಾಟಕ ಪೊಲೀಸ್ ಕಾಯ್ದೆಯಡಿ ಬರುವ ಆಡಳಿತದ ಆದೇಶ. ಗೂಂಡಾ ಕಾಯ್ದೆಯಡಿ ಮುಂಜಾಗ್ರತೆಯಾಗಿ ಹಿಡಿದಿಡುವ ಆದೇಶವೂ ಹಾಗೇ. ಎರಡಕ್ಕೂ ಪ್ರತ್ಯೇಕ ದಾರಿಗಳಿವೆ.

ಇಲಾಖೆಯವರೇ ಸಹಿ ಹಾಕುವ ಕಡೆ

ಇಲ್ಲಿಯವರೆಗೆ ಹೇಳಿದ್ದಕ್ಕೆ ಅಪವಾದಗಳಿವೆ. ನಮ್ಮ ಎರಡು ಜಿಲ್ಲೆಗಳಿಗೆ ಹತ್ತಿರದ್ದು ಅರಣ್ಯ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಬದುಕುವವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 50ನೇ ಕಲಂ ದಿನದ ವಿಷಯ. ಬೇಟೆಯಂಥ ಅಪರಾಧ ನಡೆದಿದೆ ಎಂದು ನಂಬಲು ಸಕಾರಣವಿದ್ದರೆ ಅರಣ್ಯ ಅಧಿಕಾರಿ ಅಥವಾ ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಪೊಲೀಸ್ ಅಧಿಕಾರಿ ಮನೆ, ವಾಹನ ಶೋಧಿಸಬಹುದು, ವಾರಂಟ್ ಇಲ್ಲದೆ ಬಂಧಿಸಬಹುದು. ಅಷ್ಟೇ ಅಲ್ಲ. ರಾಜ್ಯ ಸರ್ಕಾರ ಅಧಿಕಾರ ಕೊಟ್ಟಿರುವ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ (ಎಸಿಎಫ್) ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ತಾನೇ ಶೋಧ ವಾರಂಟ್ ಹೊರಡಿಸಬಹುದು. ಹುಡುಕುವ ಇಲಾಖೆಯೂ ಅನುಮತಿ ಕೊಡುವ ಇಲಾಖೆಯೂ ಇಲ್ಲಿ ಒಂದೇ. ಕಾಡಿನ ಅಪರಾಧ ಕ್ಷಣದಲ್ಲಿ ನಡೆದು ಸಾಕ್ಷ್ಯ ಮಾಯವಾಗುತ್ತದೆ ಎಂಬ ಕಾರಣ ಇದಕ್ಕಿದೆ, ಒಪ್ಪೋಣ. ಆದರೆ ಹೊರಗಿನ ಕಣ್ಣು ಇಲ್ಲದ ಕಡೆ ಆಮೇಲಿನ ಪರಿಶೀಲನೆ ಇನ್ನೂ ಗಟ್ಟಿಯಾಗಿರಬೇಕು. ಬಂಧಿಸಿದವರನ್ನು ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುವ ನಿಯಮ ಅರಣ್ಯ ಇಲಾಖೆಗೂ ಒಂದೇ.

ಜಿಎಸ್‌ಟಿ ಶೋಧಕ್ಕೆ ಜಂಟಿ ಆಯುಕ್ತರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಆದಾಯ ತೆರಿಗೆ ದಾಳಿಗೂ ಇಲಾಖೆಯ ಹಿರಿಯ ಅಧಿಕಾರಿಗಳೇ ವಾರಂಟ್ ಕೊಡುತ್ತಾರೆ, ಮ್ಯಾಜಿಸ್ಟ್ರೇಟ್ ಅಲ್ಲ. ಗಾಂಜಾದಂಥ ಮಾದಕ ವಸ್ತುವಿನ ಕೇಸಿನಲ್ಲಿ ಮ್ಯಾಜಿಸ್ಟ್ರೇಟ್ ವಾರಂಟ್ ಕೊಡಬಹುದು, ಅಧಿಕಾರ ಪಡೆದ ಗೆಜೆಟೆಡ್ ಅಧಿಕಾರಿಯೂ ತನ್ನ ಕೈಕೆಳಗಿನವರಿಗೆ ಅನುಮತಿ ಕೊಡಬಹುದು. ಲೋಕಾಯುಕ್ತರಿಗೂ 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ ಶೋಧ ವಾರಂಟ್ ಅಧಿಕಾರ ಕೊಟ್ಟಿದೆ. ಶಾಸನಸಭೆಗಳಿಗೆ ಹಕ್ಕುಚ್ಯುತಿಯ ವಿಷಯದಲ್ಲಿ ತಮ್ಮದೇ ಅಧಿಕಾರ ಇದೆ. 2017ರಲ್ಲಿ ಕರ್ನಾಟಕ ವಿಧಾನಸಭೆ ಇಬ್ಬರು ಪತ್ರಕರ್ತರಿಗೆ ಒಂದು ವರ್ಷದ ಜೈಲು ಎಂದು ತೀರ್ಮಾನಿಸಿದ್ದು ನಿಮಗೆ ನೆನಪಿರಬಹುದು. ಆ ತೀರ್ಮಾನ ಕೋರ್ಟಿನದ್ದಲ್ಲ, ಸದನದ್ದು.

ಇನ್ನು ಪೊಲೀಸರ ಶೋಧ. ತನಿಖೆಯ ನಡುವೆ ವಾರಂಟ್ ತರಲು ಹೋದರೆ ವಸ್ತು ಕೈತಪ್ಪುತ್ತದೆ ಎಂದಾದರೆ ತನಿಖಾಧಿಕಾರಿ ಕಾರಣ ಬರೆದಿಟ್ಟು ವಾರಂಟ್ ಇಲ್ಲದೆ ಶೋಧಿಸಬಹುದು. ಆ ಬರಹದ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಕೈಸೇರಬೇಕು. ವಾರಂಟ್ ಇರಲಿ, ಇಲ್ಲದಿರಲಿ, ಶೋಧದ ಸಮಯದಲ್ಲಿ ಇಬ್ಬರು ಪಂಚರು, ಅಂದರೆ ಹೊರಗಿನ ಸಾಕ್ಷಿಗಳು ಇರಬೇಕು, ಸಿಕ್ಕ ವಸ್ತುಗಳ ಪಟ್ಟಿ ಮಾಡಬೇಕು, ನಿಮಗೊಂದು ಪ್ರತಿ ಕೊಡಬೇಕು. ಈಗಿನ ಕಾನೂನಿನಲ್ಲಿ ಇಡೀ ಶೋಧವನ್ನು ವಿಡಿಯೋ ಮಾಡುವುದು ಕಡ್ಡಾಯ. ಹೊಸ ಕಾನೂನು ತಂದ ಬದಲಾವಣೆಗಳಲ್ಲಿ ಇದು ಜನರಿಗೆ ನಿಜವಾಗಿ ಉಪಯೋಗಕ್ಕೆ ಬರುವಂಥದ್ದು.

ಸಾಲದ ಡಿಕ್ರಿ, ಜೀವನಾಂಶ

ಕ್ರಿಮಿನಲ್ ಕೇಸೇ ಇಲ್ಲದೆಯೂ ವಾರಂಟ್ ಬರಬಹುದು. ಸಾಲದ ದಾವೆಯಲ್ಲಿ ಡಿಕ್ರಿ, ಅಂದರೆ ಹಣ ಕಟ್ಟಿ ಎಂಬ ಕೋರ್ಟಿನ ತೀರ್ಮಾನ ಆಗಿ, ಹಣ ಕಟ್ಟದಿದ್ದರೆ ಸಿವಿಲ್ ಕೋರ್ಟ್ ಬಂಧನ ವಾರಂಟ್ ಕೊಡಬಹುದು. ಅದನ್ನು ತರುವವರು ಕೋರ್ಟಿನ ಅಮೀನರು ಅಥವಾ ಬೇಲಿಫ್. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಈ ಬಂಧನಕ್ಕಾಗಿ ಮನೆಯೊಳಗೆ ಕಾಲಿಡುವಂತಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. 2,000 ರೂಪಾಯಿವರೆಗಿನ ಡಿಕ್ರಿಗೆ ಜೈಲಿಲ್ಲ. 5,000ಕ್ಕಿಂತ ಜಾಸ್ತಿಯಾದರೂ ಮೂರು ತಿಂಗಳೇ ಗರಿಷ್ಠ. ಜೈಲಿನಲ್ಲಿ ಇರುವಷ್ಟು ದಿನದ ಊಟದ ಖರ್ಚನ್ನು ಸಾಲ ಕೊಟ್ಟವರೇ ಕಟ್ಟಬೇಕು. ಕೊಡುವ ಶಕ್ತಿಯೇ ಇಲ್ಲದವರನ್ನು ಬರೀ ಬಡತನಕ್ಕಾಗಿ ಜೈಲಿಗೆ ಕಳಿಸುವಂತಿಲ್ಲ ಎಂದು 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಇದ್ದೂ ಕೊಡದವರಿಗೆ ಮಾತ್ರ ಈ ಜೈಲು. ಬೆಳೆ ಹೋಗಿ, ಬೆಲೆ ಬಿದ್ದು ಸಾಲದಲ್ಲಿ ಸಿಕ್ಕಿದ ರೈತರು ಈ ತೀರ್ಪನ್ನು ತಿಳಿದಿರಬೇಕು.

ಹೆಂಡತಿ, ಮಕ್ಕಳು, ವಯಸ್ಸಾದ ತಂದೆತಾಯಿಗೆ ಕೋರ್ಟ್ ಹೇಳಿದ ಜೀವನಾಂಶ ಕೊಡದಿದ್ದರೂ ವಸೂಲಿ ವಾರಂಟ್ ಬರುತ್ತದೆ. ಆಗಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು.

ಫೋನಿನಲ್ಲಿ ಬರುವ ವಾರಂಟ್

ಈಗ ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡುತ್ತಿರುವುದು ವಾಟ್ಸಾಪಿನಲ್ಲಿ ಬರುವ ನಕಲಿ ವಾರಂಟ್. ಸಿಬಿಐ ಅಥವಾ ಇಡಿ ಹೆಸರು, ಸುಪ್ರೀಂ ಕೋರ್ಟಿನ ಮೊಹರು, ಯೂನಿಫಾರ್ಮ್ ಹಾಕಿದ ಮನುಷ್ಯ ವಿಡಿಯೋ ಕಾಲಿನಲ್ಲಿ. "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿಂದ ಏಳಬೇಡಿ" ಅನ್ನುತ್ತಾರೆ. ಹರಿಯಾಣದ ಅಂಬಾಲಾದಲ್ಲಿ ಸುಪ್ರೀಂ ಕೋರ್ಟಿನ ನಕಲಿ ಆದೇಶ ತೋರಿಸಿ ವೃದ್ಧ ದಂಪತಿಯಿಂದ ಕೋಟಿಗೂ ಮೀರಿದ ಹಣ ದೋಚಿದ ಮೇಲೆ, 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತಾನಾಗೇ ಈ ವಿಷಯ ಕೈಗೆತ್ತಿಕೊಂಡಿತು. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದು, ಊರಿನ ದೊಡ್ಡ ಮನೆಯಲ್ಲಿ ಇಬ್ಬರೇ ಇರುವ ಹಿರಿಯರು ನಮ್ಮ ಕಡೆಯೂ ಬಹಳ. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.

ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ. ಸಮನ್ಸ್ ಎಲೆಕ್ಟ್ರಾನಿಕ್ ರೂಪದಲ್ಲಿ ಬರಲು ಹೊಸ ಕಾನೂನಿನಲ್ಲಿ ಅವಕಾಶವಿದೆ, ನಿಜ. ಆದರೆ ವಾರಂಟ್ ನಿಮ್ಮ ಹೆಸರಿಗೆ ಬರುವ ಕಾಗದ ಅಲ್ಲ, ಅದರ ಜೊತೆ ಖಾತೆ ನಂಬರೂ ಬರುವುದಿಲ್ಲ. ವಾರಂಟ್ ರದ್ದು ಮಾಡಲು ಯಾವ ಕೋರ್ಟೂ ಫೋನಿನಲ್ಲಿ ಹಣ ಹಾಕಿಸಿಕೊಳ್ಳುವುದಿಲ್ಲ. ಕರೆ ಕಟ್ ಮಾಡಿ. ಹಣ ಹೋಗಿದ್ದರೆ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಿಜವಾದ ವಾರಂಟ್ ಇದೆಯಾ ಎಂಬ ಅನುಮಾನ ಬಂದರೆ ಪತ್ತೆ ಹಚ್ಚುವುದು ಕಷ್ಟವಲ್ಲ. ಕೇಸ್ ನಂಬರ್ ಅಥವಾ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡುವ ಪ್ರತ್ಯೇಕ ಗುರುತಿನ ನಂಬರ್) ಹಾಕಿದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸಿನ ಸ್ಥಿತಿ, ಮುಂದಿನ ವಾಯಿದೆ ಕಾಣುತ್ತದೆ. ನಂಬರ್ ಗೊತ್ತಿಲ್ಲದಿದ್ದರೆ ಪಕ್ಷಗಾರರ ಹೆಸರು ಹಾಕಿ ಹುಡುಕಬಹುದು. ಮನೆ ಬಾಗಿಲಿಗೇ ಪೊಲೀಸರು ಬಂದರೆ ಜಗಳ ಬೇಡ. ಯಾವ ಕೋರ್ಟ್, ಯಾವ ಕೇಸ್ ನಂಬರ್, ಜಾಮೀನು ಸಹಿತವೋ ರಹಿತವೋ, ಈ ಮೂರನ್ನು ಕೇಳಿ ಬರೆದುಕೊಳ್ಳಿ. ಹಿಡಿದ ವಿಷಯವನ್ನು ನೀವು ಹೇಳಿದ ಒಬ್ಬರಿಗೆ ಪೊಲೀಸರು ತಿಳಿಸಲೇಬೇಕು. ಹೆಂಗಸರನ್ನು ಸಂಜೆಯಾದ ಮೇಲೆ, ಬೆಳಗಾಗುವ ಮುಂಚೆ ಸಾಮಾನ್ಯವಾಗಿ ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದು ಬರಬೇಕು.

ವಕೀಲರನ್ನು ಇಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ಕೋರ್ಟುಗಳಲ್ಲೂ ಇದರ ಸಮಿತಿಗಳಿವೆ. ಫೋನಿನಲ್ಲಿ ಕೇಳುವುದಾದರೆ ಸಹಾಯವಾಣಿ 15100.